ಮದ್ರಾಸಿನಿಂದ ಅಕ್ಕನ ಹೆಸರಿಗೆ ಬಂದ ಕಾರ್ಡುಗಳು

ಹೋದ ತಿಂಗಳು ಒಂದು ಮದುವೆ ಮಾತುಕತೆಗೆ ರಾಯದುರ್ಗಕ್ಕೆ ಹೋಗಬೇಕಾಯಿತು. ಆ ಊರು ಬಿಟ್ಟು ಮಡಕಶಿರಕ್ಕೆ ಬಂದು ನೆಲೆಸಿದ ಮೇಲೆ ನಾನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಸ್ಟೇಷನ್ನಿನಿಂದ ಪೇಟೆ ಬೀದಿಗೆ ತಿರುಗಿದ ಕೂಡಲೇ, ಯಾರೋ ಅಂಗಡಿಯವರು ಹೊಗೆಸೊಪ್ಪಿನ ಮೂಟೆ ಬಿಚ್ಚಿ ಚಾಪೆಯ ಮೇಲೆ ಹರವಿ ಬೆಲ್ಲದ ನೀರು ಚಿಮುಕಿಸುತ್ತಿದ್ದರು. ಒಣಗಿದ ಎಲೆ ನೀರು ಹೀರುವಾಗ ಏಳುವ ಆ ವಾಸನೆ ನನಗೆ ಹುಟ್ಟಿನಿಂದ ಗೊತ್ತು. ಮೊದಲು ಸಿಹಿ, ಆಮೇಲೆ ಗಂಟಲ ಹಿಂದೆ ಕಚ್ಚುವ ಘಾಟು. ಟವಲಿನಿಂದ ಮೂಗು ಮುಚ್ಚಿಕೊಂಡು ಎದುರಿನ ಜಗಲಿಯ ಮೇಲೆ ಕೂತುಬಿಟ್ಟೆ.

ಜೊತೆಗಿದ್ದ ಹುಡುಗಿಯ ಕಡೆಯವರು, "ಯಾಕ್ರಿ ಹಿರ್ಯಾರ, ಧೂಳು ಹೋತೇನ್ರಿ ಮೂಗಿನ್ಯಾಗ?" ಎಂದು ಕೇಳಿದರು.

ಹೌದು ಎಂದೆ. ಅದೊಂದು ವರ್ಷದ ವಿಷಯದಲ್ಲಿ ನಾನು ಹೇಳಿದ ಸುಳ್ಳುಗಳಿಗೆ ಇದೂ ಒಂದು ಸೇರಿತು. ಮನೆಗೆ ಬಂದ ಮೇಲೆ, ಇದನ್ನು ಇನ್ನು ಬಾಯಲ್ಲಿ ಹೇಳಲಾರೆ, ಬರೆದಾದರೂ ಇಡೋಣ ಎನ್ನಿಸಿತು.

ನಮ್ಮ ಮೂಲ ಗುಡಿಬಂಡೆ ಹತ್ತಿರದ ಹಳ್ಳಿ. ಅಲ್ಲಿ ಸೋದರಮಾವನಿಗೆ ವೀಳ್ಯದೆಲೆ ತೋಟವಿತ್ತು. ಆ ಎಲೆಯನ್ನು ರಾಯದುರ್ಗದಲ್ಲಿ ಮಾರಲೆಂದು ಹೋದ ನಮ್ಮಪ್ಪ ಅಲ್ಲೇ ಅಂಗಡಿ ಹಾಕಿದ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಹೆಸರು ಬಂದದ್ದು ಹೊಗೆಸೊಪ್ಪಿನಿಂದ. ಗುಮ್ಮಘಟ್ಟದ ಕಡೆಯ ಕುರಿ ಕಾಯುವವರು, ಪೇಟೆಯ ಮಗ್ಗದವರು, ಗಾಡಿ ಹೊಡೆಯುವವರು, ಎಲ್ಲರೂ ನಮ್ಮ ಅಂಗಡಿಯ ಸೊಪ್ಪನ್ನೇ ಕೇಳಿ ಒಯ್ಯುತ್ತಿದ್ದರು. ಅದರ ಗುಟ್ಟು ಕೊಳ್ಳುವಾಗಿನ ಪರೀಕ್ಷೆಯಲ್ಲಿತ್ತು. ದಲ್ಲಾಳಿ ಮೂಟೆಯ ಮೇಲಿನ ಎಲೆ ತೋರಿಸುತ್ತಾನೆ. ನಾವು ಮೂಟೆಯ ಹೊಟ್ಟೆಗೆ ಕೈ ಹಾಕಿ ಒಳಗಿನ ಎಲೆ ತೆಗೆಯಬೇಕು. ಒಂದು ಚೂರು ಹರಿದು, ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕಿ, ಕೆನ್ನೆಯ ಒಳಗೆ ಒತ್ತರಿಸಿ ಕಾಯಬೇಕು. ಘಾಟು ಎಷ್ಟು ಬೇಗ ಏರುತ್ತದೆ, ಏರಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಕೊನೆಗೆ ಕಹಿ ಉಳಿಯುತ್ತದೋ ಬೂಷ್ಟಿನ ರುಚಿ ಉಳಿಯುತ್ತದೋ, ಅದನ್ನು ಕೆನ್ನೆಯೇ ಹೇಳಬೇಕು.

ನಮ್ಮಪ್ಪ ಸತ್ತಾಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಹೊಗೆಸೊಪ್ಪು ನನ್ನ ಬಾಯಿಗೆ ಆಗುತ್ತಿರಲಿಲ್ಲ. ಚೂರು ಇಟ್ಟರೂ ಬಿಕ್ಕಳಿಕೆ, ಆಮೇಲೆ ವಾಂತಿ. ಹೊಗೆಸೊಪ್ಪಿನ ವ್ಯಾಪಾರಿಗೆ ಹೊಗೆಸೊಪ್ಪು ಆಗದು ಎಂದರೆ ಪೇಟೆಯಲ್ಲಿ ನಗುತ್ತಾರೆ. ಆಗ ಆ ಪರೀಕ್ಷೆಗೆ ಅಕ್ಕ ಕೂತಳು. ಗೌರಮ್ಮ ಅವಳ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಸತ್ತ ಮೇಲೆ ತವರಿಗೆ ಬಂದು, ಅವ್ವ ಇಲ್ಲದ ಮನೆಯಲ್ಲಿ ನನ್ನನ್ನು ಸಾಕಿದವಳು. ದಲ್ಲಾಳಿಗಳು ಮುಂದೆ ಜಗಲಿಯಲ್ಲಿ ಕೂತಿರುತ್ತಿದ್ದರು. ನಾನು ಮಾದರಿ ಎಲೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅಕ್ಕ ಒಂದೊಂದನ್ನೂ ಎಡಗೆನ್ನೆಯಲ್ಲಿಟ್ಟು, ಕಣ್ಣು ಮುಚ್ಚಿ ಕೂತು, ಉಗಿದು, ಬಾಯಿ ಮುಕ್ಕಳಿಸಿ ಇನ್ನೊಂದು ಇಡುತ್ತಿದ್ದಳು. ಬೇಕಾದದ್ದನ್ನು ಬಿಡಿಸಿದ ಹಾಗೆಯೇ ಬಿಡುತ್ತಿದ್ದಳು. ಬೇಡವಾದದ್ದನ್ನು ಎರಡಾಗಿ ಮಡಚುತ್ತಿದ್ದಳು. ನಾನು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದು ಬೆಲೆ ಮಾತಾಡುತ್ತಿದ್ದೆ.

ಊರಿನವರು ರುದ್ರಪ್ಪನ ನಾಲಿಗೆಯೇ ನಾಲಿಗೆ ಎನ್ನುತ್ತಿದ್ದರು. ಅಕ್ಕ ಒಳಗಿನಿಂದ ಕೇಳಿ ನಗುತ್ತಿದ್ದಳು.

ಹೀಗೆ ಹದಿನೈದು ವರ್ಷ ನಡೆಯಿತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಆಷಾಢದಲ್ಲಿ ಅಕ್ಕ ಊಟಕ್ಕೆ ಕೂತವಳು ಖಾರ ಬೇಡ ಅಂದಳು. ನಾಲ್ಕು ದಿನ ಕಳೆದು ಮುದ್ದೆಯೂ ಬೇಡ ಅಂದಳು. ಬಾಯಿ ತೆರೆಸಿ ನೋಡಿದರೆ ಎಡಗೆನ್ನೆಯ ಒಳಗೆ, ಹಲ್ಲಿನ ಸಾಲಿನ ಪಕ್ಕ, ಬಿಳಿ ಅಂಚಿನ ಒಂದು ಹುಣ್ಣು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಬಹಳ ಹೊತ್ತು ಕೈ ತೊಳೆದುಕೊಂಡರು.

"ರುದ್ರಪ್ಪಾರ, ಇದು ನನ್ನ ಕೈಯಾಗಿಂದಲ್ರಿ. ಕ್ಯಾನ್ಸರ್ ಅಂತಾರ. ಮದ್ರಾಸಿನ್ಯಾಗ ರೇಡಿಯಂ ಇಟ್ಟು ವಾಸಿ ಮಾಡೋ ಡಾಕ್ಟ್ರು ಒಬ್ರು ಅದಾರ. ಚೀಟಿ ಬರದ ಕೊಡ್ತೀನಿ, ಈ ವಾರದಾಗ ಹೊಂಡ್ರಿ" ಎಂದರು.

ಬಳ್ಳಾರಿ, ಗುಂತಕಲ್, ಅಲ್ಲಿಂದ ಮದ್ರಾಸು. ಅಕ್ಕ ರೈಲಿನಲ್ಲಿ ಕಿಟಕಿ ಬಿಟ್ಟು ಏಳಲಿಲ್ಲ. ಅವಳು ಬಳ್ಳಾರಿಯಿಂದ ಆಚೆ ಹೋದವಳೇ ಅಲ್ಲ. "ಸಾಯೋಕ್ ಮುಂಚೆ ಸಮುದ್ರ ತೋರಿಸ್ಬೇಕು ಅಂತ ದೇವ್ರು ಹಿಂಗ್ ಮಾಡವ್ನೆ ಕಣ್ಲಾ" ಅಂದಳು.

ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು. ದೊಡ್ಡವರು ತಮಿಳರು, ಮಾತು ಕಡಿಮೆ. ಅವರ ಕೈ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆಬ್ಬೆರಳು, ತೋರುಬೆರಳುಗಳ ಚರ್ಮ ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು; ಉಗುರು ಕಪ್ಪಗೆ ಗೆರೆಗೆರೆಯಾಗಿತ್ತು. ರೇಡಿಯಂ ಬಂದ ಹೊಸತರಲ್ಲಿ ಅದನ್ನು ಬರಿಗೈಯಲ್ಲೇ ಮುಟ್ಟುತ್ತಿದ್ದರಂತೆ. ಇನ್ನೊಬ್ಬರು ಅವರ ಸಹಾಯಕರು, ನೆಲ್ಲೂರಿನ ಕಡೆಯವರು, ನನ್ನ ವಯಸ್ಸಿನವರೇ. ನನ್ನೊಡನೆ ತೆಲುಗಿನಲ್ಲಿ ಮಾತಾಡುತ್ತಿದ್ದವರು ಇವರು. ಎಲ್ಲರೂ ಇವರನ್ನು ಚಿಕ್ಕ ಡಾಕ್ಟರು ಎನ್ನುತ್ತಿದ್ದರು.

ಮೊದಲ ದಿನವೇ ಚಿಕ್ಕ ಡಾಕ್ಟರು ಒಂದು ದೊಡ್ಡ ಹಾಳೆ ತೆಗೆದು ಬರೆದುಕೊಳ್ಳತೊಡಗಿದರು. ವಯಸ್ಸು, ಊರು, ಊಟ. ಆಮೇಲೆ ಕೇಳಿದರು: "ಹೊಗೆಸೊಪ್ಪು ಹಾಕುತ್ತಾರೆಯೇ? ಎಷ್ಟು ವರ್ಷದಿಂದ? ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ?"

ನಾನು ಅಕ್ಕನ ಕಡೆ ನೋಡಲಿಲ್ಲ. "ಇಲ್ಲ" ಎಂದೆ.

"ಒಂದು ಸಲವೂ ಇಲ್ಲವೇ?"

"ಆ ಅಭ್ಯಾಸ ಇಲ್ಲ ಸಾರ್."

"ನಿಮ್ಮ ಕಸುಬು?"

"ಕಿರಾಣಿ ಅಂಗಡಿ."

ಏಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳು ನುಂಗುತ್ತಿರಲಿಲ್ಲ, ಚಟಕ್ಕೆ ಹಾಕುತ್ತಿರಲಿಲ್ಲ, ಉಗಿಯುತ್ತಿದ್ದಳು; ಆದ್ದರಿಂದ ಅದು ಸುಳ್ಳಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ನಿಜ ಬೇರೆ. ಹೌದು ಎಂದಿದ್ದರೆ ಯಾಕೆ, ಯಾರಿಗಾಗಿ ಎಂದು ಕೇಳುತ್ತಿದ್ದರು. ನನ್ನ ಹೆಸರು ಯಾರ ಕೆನ್ನೆಯ ಮೇಲೆ ನಿಂತಿದೆ ಎಂದು ಹೇಳಬೇಕಾಗುತ್ತಿತ್ತು. ವಾರ್ಡಿನಲ್ಲಿ ಬಳ್ಳಾರಿಯ ಒಬ್ಬ ವ್ಯಾಪಾರಿಯೂ ಇದ್ದ.

ಚಿಕ್ಕ ಡಾಕ್ಟರು ಹಾಳೆಯಲ್ಲಿ ಏನೋ ಗುರುತು ಹಾಕಿ ದೊಡ್ಡವರಿಗೆ ತೋರಿಸಿದರು. ಅವರು ಹುಬ್ಬೇರಿಸಿದರು. "ಡಾಕ್ಟರಿಗೆ ಆಶ್ಚರ್ಯ" ಎಂದರು ಚಿಕ್ಕವರು. "ಈ ಜಾಗದಲ್ಲಿ ಹುಣ್ಣಾದವರನ್ನೆಲ್ಲ ಅವರು ಕೇಳಿ ಬರೆದಿಡುತ್ತಿದ್ದಾರೆ. ಸೊಪ್ಪು ಎಲ್ಲಿ ಇಡುತ್ತಾರೋ ಅಲ್ಲೇ ಹುಣ್ಣು. ನಿಮ್ಮ ಅಕ್ಕನವರೊಬ್ಬರು ಬೇರೆ."

ಅಕ್ಕನಿಗೆ ತೆಲುಗು ನನ್ನಷ್ಟೇ ಬರುತ್ತಿತ್ತು. ಅವರು ಹೋದ ಮೇಲೆ, "ನೀನಂದಿದ್ದು ಕೇಳಿಸ್ತು" ಅಂದಳು. "ಹೋಗ್ಲಿ ಬಿಡು, ಅಂಗಡಿ ಮರ್ಯಾದೆ" ಅಂತಲೂ ಅಂದಳು.

ಮೊದಲು ಎಡಗಡೆಯ ಹಲ್ಲುಗಳನ್ನು ಕಿತ್ತರು. ಆ ಗಾಯ ಮಾಯ್ದ ಮೇಲೆ ಮತ್ತು ಬರಿಸಿ ಕೆನ್ನೆಗೆ ಸೂಜಿಗಳನ್ನು ಚುಚ್ಚಿದರು. ಬಟ್ಟೆ ಹೊಲಿಯುವ ಸೂಜಿಯಷ್ಟೇ ಇರುತ್ತವೆ, ಒಳಗೆ ರೇಡಿಯಂ. ಒಂದೊಂದಕ್ಕೂ ರೇಷ್ಮೆ ದಾರ ಪೋಣಿಸಿ, ದಾರದ ತುದಿಗಳನ್ನು ಬಾಯಿಂದ ಹೊರಗೆ ಎಳೆದು ಕೆನ್ನೆಯ ಮೇಲೆ ಅಂಟಿಸಿದ್ದರು. ಏಳು ದಿನ ಹಾಗೇ ಇರಬೇಕು. ಅಕ್ಕನನ್ನು ಬೇರೆ ಕೋಣೆಯಲ್ಲಿಟ್ಟರು. ನೆಲದ ಮೇಲೆ ಸೀಮೆಸುಣ್ಣದ ಗೆರೆ; ನಾನು ಅದರ ಈಚೆ ನಿಂತು ಸ್ವಲ್ಪ ಹೊತ್ತು ನೋಡಿ ಹೊರಡಬೇಕು. ನರ್ಸು ಬೆಳಿಗ್ಗೆ ಸಂಜೆ ಬಂದು ದಾರಗಳನ್ನು ಎಣಿಸಿ, ಮೂಗಿನ ಕೊಳವೆಯಲ್ಲಿ ಹಾಲು ಬಿಟ್ಟು ಓಡುವವಳ ಹಾಗೆ ಹೋಗುತ್ತಿದ್ದಳು. ಅಕ್ಕ ಮಾತಾಡುವಂತಿರಲಿಲ್ಲ. ಮೂರನೆಯ ದಿನ ಮುಖವೆಲ್ಲ ಊದಿತ್ತು. ಗೆರೆಯಾಚೆಯಿಂದ ಅವಳು ದಾರಗಳನ್ನು ತೋರಿಸಿ, ಎರಡೂ ಕೈಯಿಂದ ಲಾಳಿ ಎಸೆಯುವಂತೆ ಮಾಡಿದಳು. ಕೆನ್ನೆ ಮಗ್ಗವಾಯಿತು ಎಂದು. ನನಗೆ ನಗು ಬರಲಿಲ್ಲ, ಅವಳಿಗೆ ಬಂತು. ನೋವಾಗಿ ಕಣ್ಣಲ್ಲಿ ನೀರೂ ಬಂತು.

ಆ ದಿನಗಳಲ್ಲೇ ಚಿಕ್ಕ ಡಾಕ್ಟರು ವರಾಂಡದಲ್ಲಿ ನನ್ನನ್ನು ಕೂಡಿಸಿಕೊಂಡು ಹೇಳಿದರು: "ಮುಂಚೆ ಬಿರುಸಾದ ಸೂಜಿ ಹಾಕಿ ಬೇಗ ತೆಗೆಯುತ್ತಿದ್ದೆವು. ಹುಣ್ಣು ಹೋಗುತ್ತಿತ್ತು. ಆದರೆ ಎಷ್ಟೋ ಜನಕ್ಕೆ ಆಮೇಲೆ ದವಡೆಯ ಮೂಳೆ ಕೊಳೆಯಿತು. ಡಾಕ್ಟರು ಈಗ ಮೆದು ಸೂಜಿ ಹಾಕಿ ಹೆಚ್ಚು ದಿನ ಬಿಡುತ್ತಿದ್ದಾರೆ. ಮೂಳೆ ಉಳಿಯುತ್ತದೆ. ಆದರೆ ಹುಣ್ಣು ಮತ್ತೆ ಬರುತ್ತದೋ ಇಲ್ಲವೋ? ಅದು ನಮ್ಮ ಯಂತ್ರಕ್ಕೆ ಕಾಣಿಸುವುದಿಲ್ಲ. ನೀವು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಮೂರು ತಿಂಗಳಿಗೊಮ್ಮೆ ಕಾರ್ಡು ಕಳಿಸುತ್ತೇವೆ, ತುಂಬಿ ಹಾಕಿ. ಒಳ್ಳೆಯದಾದರೂ ಬರೆಯಿರಿ, ಕೆಟ್ಟದ್ದಾದರೂ ಬರೆಯಿರಿ. ಕೆಟ್ಟದ್ದಾದರೆ ತಪ್ಪದೆ ಬರೆಯಿರಿ."

ನಾನು ಅವರ ಕೈ ಹಿಡಿದು ಮಾತು ಕೊಟ್ಟೆ.

ಹೊರಡುವ ದಿನ ದೊಡ್ಡ ಡಾಕ್ಟರು ಅಕ್ಕನ ಎಡಗೆನ್ನೆಯನ್ನು ಆ ಬಿರುಕು ಬೆರಳಿನಿಂದ ಮುಟ್ಟಿ ಏನೋ ಹೇಳಿದರು. ಚಿಕ್ಕವರು ತೆಲುಗಿಗೆ ತಿರುಗಿಸಿದರು: "ನಿಮಗೆ ಅಭ್ಯಾಸ ಇಲ್ಲ ಅಂದಿರಿ, ಆದರೂ ಎಲ್ಲರಿಗೂ ಹೇಳುವಂತೆ ಹೇಳುತ್ತಿದ್ದಾರೆ. ಹೊಗೆಸೊಪ್ಪು ಇನ್ನು ಇಲ್ಲಿಗೆ ತಗುಲಬಾರದು. ಆರು ತಿಂಗಳಿಗೆ ಕರೆತನ್ನಿ." ಇಲ್ಲಿಗೆ ಎನ್ನುವಾಗ ಡಾಕ್ಟರ ಬೆರಳು ಎಡಗೆನ್ನೆಯ ಮೇಲಿತ್ತು.

ನಾನು ಅಕ್ಕನನ್ನು ರಾಯದುರ್ಗದಲ್ಲಿ ಇಳಿಸಲಿಲ್ಲ. ನೇರ ಮಾವನ ಮನೆಗೆ ಬಿಟ್ಟುಬಂದೆ. ಮೊದಲ ತಿಂಗಳು ಬಾಯೊಳಗೆಲ್ಲ ಬೆಳ್ಳಗೆ ಪೊರೆ ಕಟ್ಟಿ, ಮಜ್ಜಿಗೆಯೂ ಇಳಿಯುತ್ತಿರಲಿಲ್ಲವಂತೆ. ಹೀಗಾಗುತ್ತದೆ, ಹೆದರಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೇಳಿದಂತೆಯೇ ಪೊರೆ ಬಿಟ್ಟಿತು. ಕಾರ್ತಿಕದಲ್ಲಿ ನಾನು ಹೋಗಿ ನೋಡಿದಾಗ ಅಕ್ಕ ತೋಟದಲ್ಲಿ ಹೆಂಗಸರ ಜೊತೆ ಕೂತು ಎಲೆ ಕಟ್ಟು ಜೋಡಿಸುತ್ತಿದ್ದಳು. ಮಾವನ ಎತ್ತುಗಳು ಎಳೆಯುವ ಕಪಿಲೆ ಬಾವಿಯ ನೀರು ಬಳ್ಳಿಯ ಸಾಲುಗಳಲ್ಲಿ ಹರಿಯುತ್ತಿತ್ತು. ಅಗಸೆ ಮರಗಳ ನೆರಳಲ್ಲಿ ಅವಳ ಮುಖ ತುಂಬಿಕೊಂಡು, ಹತ್ತು ವರ್ಷ ಹಿಂದಿನ ಮುಖದಂತಿತ್ತು. ಬಾಯಿ ತೆರೆದು ತೋರಿಸಿದಳು. ಹುಣ್ಣಿದ್ದ ಕಡೆ ನುಣ್ಣಗೆ, ಹೊಸ ಚರ್ಮ.

"ಮುದ್ದೆ ನುಂಗ್ತೀನಿ ಕಣ್ಲಾ ಈಗ" ಅಂದಳು. "ಇಲ್ಲೇ ಇದ್ದುಬಿಡ್ಲಾ ಅನ್ಸುತ್ತೆ."

ಮಾವ ಕೇಳಿಸಿಕೊಂಡು, "ಇರವ್ವ, ಯಾರ್ ಬ್ಯಾಡ ಅಂತಾರೆ? ಇವ್ನಿಗೆ ಅನ್ನ ಬೇಯಿಸ್ಕೊಳಾಕೆ ಬರಲ್ವಾ?" ಎಂದ.

ಮದ್ರಾಸಿನಿಂದ ಅಂಗಡಿಗೆ ಬಂದಿದ್ದ ಮೊದಲ ಕಾರ್ಡನ್ನು ನಾನು ಜೊತೆಗೆ ತಂದಿದ್ದೆ. ತೆಲುಗಿನಲ್ಲಿ ಅಚ್ಚಾದ ಪ್ರಶ್ನೆಗಳು, ಪಕ್ಕದಲ್ಲಿ ಖಾಲಿ ಜಾಗ. ಊಟ ಮಾಡುತ್ತಾರೆಯೇ, ಬಾಯಲ್ಲಿ ಹುಣ್ಣು ಅಥವಾ ಉರಿ ಇದೆಯೇ, ಕುತ್ತಿಗೆಯಲ್ಲಿ ಗಂಟು ಇದೆಯೇ, ಹೊಗೆಸೊಪ್ಪು ಉಪಯೋಗಿಸುತ್ತಾರೆಯೇ. ಅಕ್ಕನನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದನ್ನೂ ಓದಿ ಅವಳು ಹೇಳಿದಂತೆ ತುಂಬಿದೆ. ನಾಲ್ಕನೆಯ ಕ್ಲಾಸಿನವರೆಗೆ ಓದಿದವನು ನಾನು; ಅವಳಿಗೆ ಅಷ್ಟೂ ಇಲ್ಲ. ಆ ಕಾರ್ಡಿನಲ್ಲಿ ಸುಳ್ಳಿರಲಿಲ್ಲ. ಅಲ್ಲಿಗೆ ಈ ಬರಹ ನಿಲ್ಲುವಂತಿದ್ದರೆ ಚೆನ್ನಾಗಿತ್ತು.

ಇತ್ತ ರಾಯದುರ್ಗದಲ್ಲಿ ನಾನು ಅಕ್ಕನಿಲ್ಲದೆ ಮೂರು ಸಲ ಸೊಪ್ಪು ಕೊಂಡಿದ್ದೆ. ಕೈಯಲ್ಲಿ ಹಿಸುಕಿ, ಮೂಗಿಗೆ ಹಿಡಿದು. ಒಂದು ಮೂಟೆಯ ಒಳಗೆಲ್ಲ ಬೂಷ್ಟು. ಇನ್ನೊಂದು ಸಪ್ಪೆ. ಪಕ್ಕದ ಅಂಗಡಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಪಂಪಣ್ಣ ನಮ್ಮ ಸೊಪ್ಪಿನ ಹಳೆಯ ಗಿರಾಕಿ. ಜನ ತುಂಬಿದ್ದ ಸಂತೆಯ ದಿನವೇ ಬಂದು, ಚೂರು ಬಾಯಿಗಿಟ್ಟು, ಎಲ್ಲರೂ ನೋಡುವಂತೆ ಉಗಿದ.

"ರುದ್ರಪ್ಪಾರ, ಇದನ್ನ ಕುರಿಗೆ ಹಾಕ್ರಿ. ಅವೂ ಒಂದ್ಸಲ ಮೂಸಿ ನೋಡ್ತಾವ."

ಗುಮ್ಮಘಟ್ಟದ ಕುರಿಗಾರರು ನಕ್ಕರು. ಒಬ್ಬ, "ನಮ್ಮ ಕುರಿಗೇನ್ ಗತಿಗೆಟ್ಟೈತ್ರಿ?" ಎಂದ. ಮುಂದಿನ ಸಂತೆಗೆ ಅವರಲ್ಲಿ ಅರ್ಧ ಜನ ಬರಲಿಲ್ಲ.

ಪುಷ್ಯ ಕಳೆದರೆ ಹೊಸ ಬೆಳೆಯ ಸೊಪ್ಪು ರೈಲಿಗೆ ಬರುತ್ತದೆ. ಇಡೀ ವರ್ಷದ ಖರೀದಿ ಆ ಒಂದೂವರೆ ತಿಂಗಳಲ್ಲಿ. ನಾನು ಗುಡಿಬಂಡೆಗೆ ಹೋದೆ. ಅಕ್ಕನಿಗೆ ಬಾ ಎನ್ನಲಿಲ್ಲ. ಎದುರಿಗೆ ಕೂತು, ಸಂತೆಯಲ್ಲಿ ನಡೆದದ್ದನ್ನು ಹೇಳಿದೆ, ಅಷ್ಟೆ. ಅವಳು ಎಂಥವಳು ಎಂದು ನನಗೆ ಗೊತ್ತಿತ್ತು. ಎದ್ದು ಒಳಗೆ ಹೋಗಿ ಸೀರೆ ಗಂಟು ಕಟ್ಟಿದಳು.

ಮಾವ ನನ್ನನ್ನು ತೋಟದ ಬೇಲಿಯವರೆಗೂ ಕರೆದುಕೊಂಡು ಹೋಗಿ, "ಅವಳ ಬಾಯಿಗೆ ಆ ದರಿದ್ರ ಮತ್ತೆ ಇಕ್ಬ್ಯಾಡ ಕಣೋ" ಎಂದ.

"ಇಲ್ಲ ಮಾವ, ಮೂಸಿ ನೋಡ್ತಾಳೆ, ಅಷ್ಟೆ" ಎಂದೆ.

ಮೊದಲ ದಲ್ಲಾಳಿ ಬಂದಾಗ ಅಕ್ಕ ಮೂಸಿಯೇ ನೋಡಿದಳು. ಐದಾರು ಎಲೆ ಹಿಂದೆಮುಂದೆ ಹಿಡಿದು ತಲೆಯಾಡಿಸಿದಳು. "ಗೊತ್ತಾಗಲ್ಲ ಕಣ್ಲಾ ಹಿಂಗೆ. ಕೆನ್ನೆಗೇ ಇಡ್ಬೇಕು." ದಲ್ಲಾಳಿ ಹೊರಗೆ ಕೂತು ಕೆಮ್ಮುತ್ತಿದ್ದ. ಅವನಿಗೆ ಬೇರೆ ಅಂಗಡಿಗಳಿದ್ದವು. ಆಗ ಆ ಮಾತು ಹೇಳಿದವನು ನಾನು, ಅವಳಲ್ಲ.

"ಡಾಕ್ಟ್ರು ಬೇಡ ಅಂದಿದ್ದು ಎಡಗಡೆಗೆ. ಕೈ ಇಟ್ಟು ತೋರಿಸ್ಲಿಲ್ವಾ? ಬಲಗಡೆ ಏನೂ ಆಗಿಲ್ವಲ್ಲಕ್ಕ. ಬಲಗಡೆ ಇಟ್ಕೊ."

ಅಕ್ಕ ನನ್ನ ಮುಖ ನೋಡಿದಳು. "ಬಲಗಡೆ ಇಡ್ಬೋದು ಅಂತೀಯಾ?" ಎಂದಳು. ಓದಿದವನು, ಡಾಕ್ಟರ ಜೊತೆ ಮಾತಾಡಿದವನು ನಾನು. ಅವಳು ನನ್ನನ್ನು ಕೇಳಿದ್ದು ಹಾಗೆ.

"ಇಡ್ಬೋದು" ಎಂದೆ.

ನಾನು ಅದನ್ನು ಅರ್ಧ ನಂಬಿಯೂ ಇದ್ದೆ. ನಮ್ಮ ಕಸುಬಿನಲ್ಲಿ ಒಂದು ಕೆನ್ನೆ ಬೆಂದರೆ ಇನ್ನೊಂದಕ್ಕೆ ಬದಲಾಯಿಸುವುದು ವಾಡಿಕೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದ. ಆದರೆ ಎಡಗಡೆ ಹಲ್ಲಿಲ್ಲದ ಬಾಯಲ್ಲಿ ಬಲಗಡೆ ಇಟ್ಟದ್ದು ಬಲಗಡೆಯೇ ನಿಲ್ಲುತ್ತದೆಯೇ ಎಂದು ಯೋಚಿಸಲಿಲ್ಲ. ರಸ ಎಲ್ಲಿಗೆ ಹರಿಯುತ್ತದೆ ಎಂದು ಯೋಚಿಸಲಿಲ್ಲ. ಆ ಒಂದೂವರೆ ತಿಂಗಳು ದಿನಕ್ಕೆ ಹತ್ತು ಹನ್ನೆರಡು ಸಲ ಅವಳು ಎಲೆ ಇಟ್ಟು ಉಗಿದಳು. ಸೊಪ್ಪು ಚೆನ್ನಾಗಿ ಬಂತು. ಕುರಿಗಾರರು ತಿರುಗಿ ಬಂದರು. ಪಂಪಣ್ಣ ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿ, "ಈಗ ಬಂತ ನೋಡ್ರಿ ರುದ್ರಪ್ಪನ ಸೊಪ್ಪು" ಎಂದ.

ಫಾಲ್ಗುಣದಲ್ಲಿ ಎರಡನೆಯ ಕಾರ್ಡು ಬಂತು. ಅಚ್ಚಿನ ಪ್ರಶ್ನೆಗಳ ಕೆಳಗೆ ಚಿಕ್ಕ ಡಾಕ್ಟರು ಕೈಯಲ್ಲಿ ಬರೆದಿದ್ದರು: ಆರು ತಿಂಗಳಾಯಿತು, ಯಾಕೆ ಕರೆತಂದಿಲ್ಲ? ಅಂಗಡಿ ಬಾಗಿಲು ಹಾಕಿದ ಮಧ್ಯಾಹ್ನದ ಹೊತ್ತಿನಲ್ಲಿ ನಾನು ಕಾರ್ಡು ಹಿಡಿದು ಕೂತೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು.

"ಬಾಯಲ್ಲಿ ಉರಿ ಐತೆ ಅಂತ ಬರಿ" ಅಂದಳು, ತಲೆ ಎತ್ತದೆ.

"ಯಾವಾಗಿಂದ?"

"ಒಂದೆಂಟು ದಿನ ಆಯ್ತು. ಸುಣ್ಣ ಹತ್ತಿರ್ಬೋದು. ಆದ್ರೂ ಬರಿ. ಆ ಡಾಕ್ಟ್ರು ಏನಾದ್ರೂ ಬರೀರಿ ಅಂದಿದ್ರಲ್ಲ."

ನನ್ನ ಮುಂದೆ ಪ್ರಶ್ನೆಗಳಿದ್ದವು. ಉರಿ ಇದೆ ಎಂದು ಬರೆದರೆ ಕೂಡಲೇ ಕರೆತನ್ನಿ ಎಂದು ತಂತಿ ಬರುತ್ತದೆ. ಖರೀದಿ ಇನ್ನೂ ಹತ್ತು ಹದಿನೈದು ದಿನ ಇದೆ. ಹೋದರೆ ಬಾಯಿ ತೆರೆಸಿ ನೋಡುತ್ತಾರೆ, ಹೊಗೆಸೊಪ್ಪು ಎಂದು ಗೊತ್ತಾಗುತ್ತದೆ, ಅವತ್ತಿನ ಸುಳ್ಳೂ ಗೊತ್ತಾಗುತ್ತದೆ. ಯುಗಾದಿ ಕಳೆದ ಮೇಲೆ ಕರೆದುಕೊಂಡು ಹೋದರಾಯಿತು, ಇಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ. ಉರಿ ಎಂಬ ಪ್ರಶ್ನೆಯ ಮುಂದೆ ಲೇದು, ಅಂದರೆ ಇಲ್ಲ, ಎಂದು ಬರೆದೆ. ಹೊಗೆಸೊಪ್ಪಿನ ಮುಂದೆ ಲೇದು. ಕೆಳಗೆ, ರೈಲಿನ ಪ್ರಯಾಣ ಆಗುವುದಿಲ್ಲ, ಆರೋಗ್ಯವಾಗಿದ್ದಾರೆ ಎಂದು ಬರೆದೆ.

"ಬರೆದ್ಯಾ?" ಎಂದಳು ಅಕ್ಕ.

"ಬರೆದೆ."

"ಉರಿ ಅಂತ?"

"ಹೂಂ."

ಆ ಹೂಂ ಎನ್ನುವುದಕ್ಕೆ ನನಗೆ ಒಂದು ಉಸಿರೂ ಹೆಚ್ಚು ಬೇಕಾಗಲಿಲ್ಲ.

ಆಮೇಲೆ ಅವಳು ದಿನಾ ಟಪಾಲಿನವನ ದಾರಿ ನೋಡತೊಡಗಿದಳು. ಇಪ್ಪತ್ತು ದಿನದ ಮೇಲೆ ಚಿಕ್ಕ ಡಾಕ್ಟರ ಒಂದು ಸಾಲಿನ ಕಾರ್ಡು ಬಂತು. ಗೌರಮ್ಮಗಾರು ಆರೋಗ್ಯವಾಗಿರುವುದು ತಿಳಿದು ಡಾಕ್ಟರಿಗೆ ಬಹಳ ಸಂತೋಷವಾಯಿತು ಎಂದಿತ್ತು. ಅಕ್ಕ ಓದು ಎಂದಳು. ಓದಲು ಹೇಗಾಗುತ್ತದೆ? "ಹೆದರಬೇಡಿ ಅಂತ ಬರೆದವ್ರೆ" ಎಂದೆ.

"ಅಷ್ಟೇನಾ?"

"ಅಷ್ಟೆ."

"ಹಂಗಾದ್ರೆ ಏನಿಲ್ಲ ಬಿಡು. ಇದ್ದಿದ್ರೆ ಕರೀತಿದ್ರು" ಅಂದಳು. ಮುಖ ಎಷ್ಟೋ ಹಗುರಾಯಿತು. ಆಮೇಲೆ ಉರಿಯ ಮಾತನ್ನೇ ಎತ್ತಲಿಲ್ಲ. ನೋವು ಹೆಚ್ಚಾದರೂ ಡಾಕ್ಟರು ಹೆದರಬೇಡಿ ಎಂದಿದ್ದಾರಲ್ಲ ಎಂದು ಸಹಿಸಿಕೊಂಡಳು. ಅಡಿಗೆಮನೆಯಲ್ಲಿ ಬೆನ್ನು ಮಾಡಿ ಊಟ ಮಾಡುತ್ತಿದ್ದಳು. ನಾನೂ ನೋಡಲಿಲ್ಲ. ಯುಗಾದಿ ಬಂತು, ಹೋಯಿತು. ಬಿಸಿಲೇರಿ ಕೋಟೆ ಬೆಟ್ಟದ ಬಂಡೆಗಳ ಕಾವು ಸಂಜೆಯಾದರೂ ಬೀದಿಗೆ ಇಳಿಯುತ್ತಿತ್ತು. ಈ ಬಿಸಿಲಲ್ಲಿ ಮದ್ರಾಸು ಬೇಡ ಎಂದು ಮತ್ತೆ ಮುಂದೆ ಹಾಕಿದೆ.

ವೈಶಾಖದ ಒಂದು ಬೆಳಿಗ್ಗೆ ಅಕ್ಕ ಗಂಜಿಯ ಲೋಟ ಹಿಡಿದು ಕೂತಿದ್ದಳು. ತುಟಿ ಒಂದು ಬೆರಳಗಲ ಮಾತ್ರ ತೆರೆಯಿತು. ಗಂಜಿ ಗದ್ದದ ಮೇಲೆ ಇಳಿಯಿತು. ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ಕಾರ್ತಿಕದಿಂದ ಈಚೆಗೆ ನಾನು ಅವಳ ಬಾಯೊಳಗೆ ನೋಡಿದ್ದು ಅದೇ ಮೊದಲು. ಎಡಕ್ಕೂ ಹುಣ್ಣು, ಬಲಕ್ಕೂ ಹುಣ್ಣು. ನಾಲಿಗೆಯ ಕೆಳಗೆ ಎರಡೂ ಕೂಡಿಕೊಂಡಿದ್ದವು. ಕುತ್ತಿಗೆಯಲ್ಲಿ ಕಲ್ಲಿನಂಥ ಗಂಟುಗಳು.

ಮದ್ರಾಸಿಗೆ ಹೋಗೋಣ, ಈಗಲೇ, ಎಂದೆ. ಅಕ್ಕ ಬೇಡವೆಂದು ಕೈಯಾಡಿಸಿದಳು. ಹಲ್ಲು ಕಚ್ಚಿದಂತಿದ್ದ ಬಾಯಿಂದಲೇ, "ಮಾವನ ಮನೀಗೆ" ಎಂದಳು. ಅಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಸರಿಸಿದ. ಗಾಡಿಯಿಂದ ಅವಳನ್ನು ಮಗುವಿನಂತೆ ಎತ್ತಿ ಇಳಿಸಿಕೊಂಡ. ಇನ್ನು ಉಳಿಯುವುದಿಲ್ಲ ಎನ್ನುವಾಗ ಅವಳ ಹತ್ತಿರ ಕೂತು ಕಾರ್ಡಿನ ವಿಷಯ ಹೇಳಿಬಿಡಬೇಕು ಎಂದು ಎರಡು ಸಲ ಬಾಯಿ ತೆರೆದೆ. ಅವಳು ನನ್ನ ಕೈ ಸವರಿ, "ಪಾಪ, ನೀನೇನ್ ಮಾಡ್ತೀಯಾ, ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ" ಎಂದಳು. ಆ ಮಾತು ಕೇಳಿದ ಮೇಲೂ ನಾನು ಹೇಳಲಿಲ್ಲ. ಜ್ಯೇಷ್ಠದ ಮೊದಲ ಮಳೆಗೆ ಇನ್ನೂ ಎರಡು ದಿನವಿರುವಾಗ ಹೋದಳು. ತೋಟದ ಅಂಚಿನಲ್ಲಿ ಸಮಾಧಿ ಮಾಡಿದೆವು.

ರಾಯದುರ್ಗಕ್ಕೆ ಬಂದರೆ ಬಾಗಿಲ ಸಂದಿಯಲ್ಲಿ ಪ್ರಶ್ನೆಗಳ ಮೂರನೆಯ ಕಾರ್ಡು ಬಿದ್ದಿತ್ತು. ವಿಭೂತಿ ಇನ್ನೂ ಹಣೆಯ ಮೇಲಿತ್ತು. ಸತ್ತಳು ಎಂದು ಬರೆಯಲು ಕೂತವನು ಹೇಗೆ, ಯಾವಾಗಿನಿಂದ ಎಂದು ಕೇಳುತ್ತಾರಲ್ಲ ಎಂದು ನೆನೆದು, ಮೊದಲಿನಂತೆಯೇ ತುಂಬಿದೆ. ಊಟ ಮಾಡುತ್ತಾರೆ. ಹುಣ್ಣು ಇಲ್ಲ. ಆರೋಗ್ಯ.

ದಸರೆಗೆ ಮುಂಚೆ ಕಾರ್ಡಲ್ಲ, ಕಾಗದವೇ ಬಂತು. ಬೇರೆ ಬೇರೆ ಊರುಗಳಿಂದ ಡಾಕ್ಟರುಗಳು ಮದ್ರಾಸಿಗೆ ಬರುತ್ತಾರೆ. ಹೊಸ ರೀತಿಯಲ್ಲಿ ಗುಣವಾದ ಮೂವರನ್ನು ಅವರಿಗೆ ತೋರಿಸಬೇಕೆಂದಿದ್ದೇವೆ. ಅವರಲ್ಲಿ ಗೌರಮ್ಮಗಾರು ಮುಖ್ಯ, ದಯವಿಟ್ಟು ಕರೆತನ್ನಿ. ರೈಲಿನ ಪಾಸು ಎರಡು ಒಳಗಿದ್ದವು.

ಒಂದು ಪಾಸಿನಲ್ಲಿ ನಾನೊಬ್ಬನೇ ಹೋದೆ. ಸುಮ್ಮನಿದ್ದುಬಿಡಬಹುದಿತ್ತು. ಇಷ್ಟು ಕಾಲ ಸುಮ್ಮನಿದ್ದವನು ಯಾಕೆ ಹೋದೆ ಎಂದರೆ, ಅವಳು ಬರುತ್ತಾಳೆ ಎಂದು ಅಲ್ಲಿ ಯಾರೋ ಕಾಯುತ್ತಿದ್ದಾರೆ ಎನ್ನುವುದನ್ನು ತಡೆಯಲಾಗಲಿಲ್ಲ.

ವರಾಂಡದಲ್ಲಿ ಮೂರು ಕುರ್ಚಿ ಹಾಕಿದ್ದರು. ಎರಡರಲ್ಲಿ ಗುಣವಾದವರು ಕೂತಿದ್ದರು, ಒಬ್ಬ ಮುದುಕ, ಒಬ್ಬಳು ತಮಿಳು ಹೆಂಗಸು. ಒಳಗಿನ ಕೋಣೆಯಲ್ಲಿ ಡಾಕ್ಟರುಗಳ ಮಾತು ಕೇಳುತ್ತಿತ್ತು. ಚಿಕ್ಕ ಡಾಕ್ಟರು ನಗುತ್ತ ಎದುರು ಬಂದು ನನ್ನ ಹಿಂದೆ ನೋಡಿದರು. "ಅಕ್ಕನವರು ಎಲ್ಲಿ? ಸುಸ್ತಾಯಿತೇ?"

ನಾನು ನಿಂತಲ್ಲೇ ಎಲ್ಲ ಹೇಳಿದೆ. ಅಂಗಡಿ, ಕೆನ್ನೆ, ಬಲಗಡೆ, ಕಾರ್ಡುಗಳು. ಅಷ್ಟರಲ್ಲಿ ದೊಡ್ಡ ಡಾಕ್ಟರೂ ಹೊರಗೆ ಬಂದು ನಿಂತಿದ್ದರು. ಚಿಕ್ಕವರು ನನ್ನ ಮಾತನ್ನು ಅವರಿಗೆ ಹೇಳುತ್ತ ಹೇಳುತ್ತ ದನಿ ತಗ್ಗಿಸಿದರು. ಬೈಯಬಹುದು, ಹೊಡೆಯಲೂ ಬಹುದು ಎಂದುಕೊಂಡಿದ್ದೆ. ನನಗೆ ಅದು ಬೇಕಾಗಿಯೂ ಇತ್ತು. ದೊಡ್ಡವರು ಅಕ್ಕನ ಹಾಳೆ ತರಿಸಿದರು. ಜೇಬಿನಿಂದ ಪೆನ್ನು ತೆಗೆದು ಒಂದೇ ಒಂದು ಪ್ರಶ್ನೆ ಕೇಳಿದರು.

"ಮೊದಲು ಯಾವ ಕಡೆ ಬಂತು ಎಂದು ಕೇಳುತ್ತಿದ್ದಾರೆ" ಎಂದರು ಚಿಕ್ಕವರು. "ಎಡಗಡೆಯೋ, ಬಲಗಡೆಯೋ?"

ನಾನು ಖಾಲಿ ಇದ್ದ ಮೂರನೆಯ ಕುರ್ಚಿಯ ಕಡೆ ನೋಡಿದೆ.

"ಸರಿಯಾಗಿ ನೆನಪು ಮಾಡಿಕೊಂಡು ಹೇಳಿ. ಬಲಗಡೆ ಮೊದಲು ಬಂದಿದ್ದರೆ ಅದು ಹೊಸ ಹುಣ್ಣು, ಹೊಗೆಸೊಪ್ಪಿನದು. ಎಡಗಡೆ ಮೊದಲು ಬಂದಿದ್ದರೆ ನಮ್ಮ ಸೂಜಿ ಸಾಲಲಿಲ್ಲ ಎಂದು ಅರ್ಥ. ಅವರಾದ ಮೇಲೆ ಬಂದವರಿಗೂ ಅದೇ ಮೆದು ಸೂಜಿ ಹಾಕಿದ್ದೇವೆ. ಈ ವಾರವೂ ಇಬ್ಬರು ಒಳಗಿದ್ದಾರೆ. ಉರಿ ಎಂದರಲ್ಲ, ಯಾವ ಕಡೆ ಉರಿ ಎಂದರು?"

ಅಕ್ಕಿ ಆರಿಸುತ್ತ ಅವಳು ಉರಿ ಅಂದ ದಿನ, ಯಾವ ಕಡೆ ಎಂದು ನಾನು ಕೇಳಿರಲಿಲ್ಲ. ಏಳಿಸಿ ಬೆಳಕಿಗೆ ಕರೆದು ನೋಡಿದ್ದರೆ ಮುಗಿಯುತ್ತಿತ್ತು. ಅವಳು ಎರಡು ಮಾರು ದೂರದಲ್ಲಿ ಕೂತಿದ್ದಳು.

"ಗೊತ್ತಿಲ್ಲ" ಎಂದೆ.

ದೊಡ್ಡ ಡಾಕ್ಟರ ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೆ ಹಾಗೇ ನಿಂತಿತ್ತು. ಆಮೇಲೆ ಮುಚ್ಚಳ ಹಾಕಿದರು. ಏನೋ ಎರಡು ಮಾತು ಹೇಳಿ ಒಳಗೆ ಹೋದರು. ಅವರೇನೆಂದರು ಎಂದು ಕೇಳಿದೆ. ಚಿಕ್ಕವರು ನನ್ನ ಮುಖ ನೋಡದೆ ಹೇಳಿದರು: "ಗುಣವಾದವರ ಜೊತೆ ಇಡುವಂತಿಲ್ಲ, ವಾಸಿಯಾಗದವರ ಜೊತೆಯೂ ಇಡುವಂತಿಲ್ಲ. ಇವರನ್ನು ಲೆಕ್ಕದಿಂದಲೇ ಬಿಟ್ಟುಬಿಡಿ ಎಂದರು."

ಅವರು ಅಕ್ಕನ ಹಾಳೆಯನ್ನು ಕಟ್ಟಿನಿಂದ ಬಿಡಿಸಿ, ಕಿಟಕಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಮಸಿಕುಡಿಕೆ ಹೇರಿದರು. ಆಮೇಲೆ ಆ ಮುದುಕನನ್ನೂ ಹೆಂಗಸನ್ನೂ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.